1.20 ಅಂದರೆ ಎಷ್ಟು ಜಮೀನು?

(ಸಾಗರದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ವಕೀಲರ ಕಚೇರಿಯ ಗುಮಾಸ್ತೆಯೊಬ್ಬರು ತಮ್ಮ ಕೆಲಸದ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಹಲಗೆಯ ಮೇಲೆ 1.20 ಅಂತ ಬರೆದಿದ್ದೇನೆ. ಒಂದು ಪಹಣಿಯ, ಅಂದರೆ ಜಮೀನು ಯಾರದು, ಎಷ್ಟು ಅಂತ ಹೇಳುವ ಸರ್ಕಾರಿ ದಾಖಲೆಯ, ಮೂರನೆಯ ಕಾಲಂನಿಂದ ಎತ್ತಿಕೊಂಡಿದ್ದು. ಎಷ್ಟು ಜಮೀನು ಅಂತ ಕೇಳಿದೆ. ಹಿಂದಿನ ಸಾಲಿನವರು "ಒಂದೂಕಾಲಿಗೆ ಸ್ವಲ್ಪ ಕಡಿಮೆ" ಅಂದಿರಿ. ಕಿಟಕಿ ಪಕ್ಕ ಕೂತ ಹುಡುಗಿ ಮಾತ್ರ "ಒಂದೂವರೆ ಎಕರೆ" ಅಂದಳು. ಮನೆಯಲ್ಲಿ ತೋಟ ಇದೆಯೇನಮ್ಮ? ಇದೆ. ಅದಕ್ಕೇ ಗೊತ್ತು.

ಚುಕ್ಕಿ ನೋಡಿ ನೀವು ದಶಮಾಂಶ ಅಂದುಕೊಂಡಿರಿ. ಅಲ್ಲ. ಚುಕ್ಕಿಯ ಎಡಕ್ಕಿರುವುದು ಎಕರೆ, ಬಲಕ್ಕಿರುವುದು ಗುಂಟೆ. 40 ಗುಂಟೆಗೆ 1 ಎಕರೆ, 16 ಆಣೆಗೆ 1 ಗುಂಟೆ. ಹಾಗಾಗಿ 1.20 ಅಂದರೆ 60 ಗುಂಟೆ. ಅದನ್ನೇ ಕಂಪ್ಯೂಟರಿನ ಮುಂದೆ ಕೂತ ಹುಡುಗ 1.2 ಎಕರೆ ಅಂತ ಟೈಪ್ ಮಾಡಿದರೆ 48 ಗುಂಟೆ ಆಯಿತು. 12 ಗುಂಟೆ ಎಲ್ಲಿ ಹೋಯಿತು? 9 ಅಡಿಗೊಂದರಂತೆ ಅಡಿಕೆ ಹಾಕಿದ ತೋಟವಾದರೆ ಆ 12 ಗುಂಟೆಯಲ್ಲಿ 160 ಮರ ನಿಂತಿರುತ್ತವೆ. ದಾವಾ ಪತ್ರದಲ್ಲಿ ಜಮೀನಿನ ವಿವರ ಕೊಡುವ ಷೆಡ್ಯೂಲಿನಲ್ಲಿ ಈ ತಪ್ಪು ಕೂತರೆ ಕೋರ್ಟಿನ ಡಿಕ್ರಿಯಲ್ಲೂ ಅದೇ ಇಳಿಯುತ್ತದೆ. ಆಮೇಲೆ ತಿದ್ದುಪಡಿ ಅರ್ಜಿ, ಅದಕ್ಕೆ ಎದುರು ಪಕ್ಷದ ತಕರಾರು, ಅದಕ್ಕೊಂದಿಷ್ಟು ತಾರೀಖು.

ನಾನು ವಕೀಲೆಯಲ್ಲ. ಪಿಯುಸಿ ಮುಗಿಸಿ, ಕನ್ನಡ ಟೈಪಿಂಗ್ ಸೀನಿಯರ್ ಪಾಸು ಮಾಡಿಕೊಂಡು ಇದೇ ಊರಿನ ವಕೀಲರೊಬ್ಬರ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರಿದೆ. ಮೂರು ದಶಕ ಆಗುತ್ತಾ ಬಂತು. ಈಗಿನವರು ಈ ಕೆಲಸಕ್ಕೆ ಪ್ಯಾರಾಲೀಗಲ್ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಗುಮಾಸ್ತೆ ಅಂತಿದ್ದರು, ಕಕ್ಷಿದಾರರು ಈಗಲೂ "ಆಫೀಸಿನ ಅಮ್ಮ" ಅಂತಾರೆ. ಕೆಲಸ ಮೂರಕ್ಕೂ ಒಂದೇ.

ಪ್ಯಾರಾಲೀಗಲ್ ಅನ್ನುವುದಕ್ಕೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ಗಟ್ಟಿಯಾಗಿ ನಿಂತಿಲ್ಲ. ಅರೆ ಕಾನೂನು ಅಂದವರಿದ್ದಾರೆ. ಪೇಪರಿನವರು ಎಷ್ಟೋ ಸಲ "ಅರೆಕಾಲಿಕ ಕಾನೂನು ಸ್ವಯಂಸೇವಕರು" ಅಂತ ಬರೆದುಬಿಡುತ್ತಾರೆ. ಕಾನೂನೇ ಅರೆಕಾಲಿಕವೋ, ಸ್ವಯಂಸೇವಕರು ಅರೆಕಾಲಿಕವೋ ನನಗಂತೂ ತಿಳಿಯದು. ಹೆಸರು ಹೀಗಿರುವುದಕ್ಕೂ ಕಾರಣವಿದೆ. ಬೇರೆ ದೇಶಗಳಲ್ಲಿ ಇದು ಗೆರೆ ಎಳೆದಿಟ್ಟ ಒಂದು ವೃತ್ತಿ. ಅಮೆರಿಕದಲ್ಲಿ ಇದಕ್ಕೆಂದೇ ಎರಡು ವರ್ಷದ ಡಿಗ್ರಿ ಇದೆ, ಬೇರೆ ವಿಷಯದಲ್ಲಿ ಪದವಿ ಆದವರಿಗೆ ಸರ್ಟಿಫಿಕೇಟ್ ಕೋರ್ಸಿದೆ. ವಕೀಲರ ಕೈಕೆಳಗೆ ದುಡಿಯಬೇಕು, ಕಕ್ಷಿದಾರನಿಗೆ ಸ್ವಂತ ಸಲಹೆ ಕೊಡುವಂತಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 2007ರಿಂದ ಲೈಸೆನ್ಸೇ ಕೊಡುತ್ತಾರೆ. ಅಲ್ಲಿ ಅವರೇ ಸಣ್ಣ ಮೊತ್ತದ ಕೇಸುಗಳಲ್ಲಿ ನಿಂತು ವಾದಿಸಬಹುದು. ನಮ್ಮಲ್ಲಿ ಅಂಥ ಲೈಸೆನ್ಸಿಲ್ಲ. ಹಾಗಾಗಿ ಇಂಟರ್‌ನೆಟ್ಟಿನಲ್ಲಿ ಅಲ್ಲಿನವರಿಗಾಗಿ ಬರೆದದ್ದನ್ನು ಓದಿಕೊಂಡು ಇಲ್ಲಿ ಕೆಲಸ ಹುಡುಕಲು ಹೋಗಬೇಡಿ.

ಹಾಗಾದರೆ ಇಲ್ಲಿ ಏನು ಓದಬೇಕು? ಕೋರ್ಸುಗಳ ಮಾತು ಮೊದಲು ಮುಗಿಸಿಬಿಡುತ್ತೇನೆ, ಹೇಳುವುದು ಕಡಿಮೆ ಇದೆ. ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಪ್ಯಾರಾಲೀಗಲ್ ಪ್ರಾಕ್ಟೀಸ್ ಅಂತ ಒಂದು ವರ್ಷದ ಡಿಪ್ಲೊಮಾ ಇದೆ, ಪಿಯುಸಿ ಆಗಿದ್ದರೆ ಸಾಕು. ಇಂಗ್ಲಿಷ್ ಓದಿಗೆ ಹೆದರದಿದ್ದರೆ ಕೆಲಸ ಮಾಡುತ್ತಲೇ ಮುಗಿಸಬಹುದು. ಪೂರ್ತಿ ಕಾನೂನು ಪದವಿಯೇ ಬೇಕೆಂದರೆ ಶಿವಮೊಗ್ಗದಲ್ಲಿ ಕಾನೂನು ಕಾಲೇಜಿದೆ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಡಿಗ್ರಿ ಆದವರಿಗೆ ಮೂರು ವರ್ಷ, ಪಿಯುಸಿ ಆದವರಿಗೆ ಐದು. ಒಂದು ಎಚ್ಚರಿಕೆ: "ಮನೆಯಲ್ಲೇ ಕೂತು ಎಲ್‌ಎಲ್‌ಬಿ" ಅಂತ ಜಾಹೀರಾತು ಕಂಡರೆ ದುಡ್ಡು ಕಟ್ಟಬೇಡಿ. ಅಂಚೆ ಮೂಲಕ ಪಡೆದ ಕಾನೂನು ಪದವಿ ಹಿಡಿದುಕೊಂಡು ವಕೀಲರ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಸಿಗುವುದಿಲ್ಲ.

ಇನ್ನು ಟೈಪಿಂಗ್. ನಗಬೇಡಿ. ಇವತ್ತು ತಾಲ್ಲೂಕು ಮಟ್ಟದ ಕಚೇರಿಗೆ ಬರುವ ಹುಡುಗರಿಗೆ ಮೊಬೈಲಿನಲ್ಲಿ ಎರಡು ಹೆಬ್ಬೆರಳಲ್ಲಿ ಒತ್ತುವುದು ಬರುತ್ತದೆ, ಕೀಲಿಮಣೆ ಬರುವುದಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲನ್ನು ಆ ಅಕ್ಷರವಿಲ್ಲದ ಕಂಪ್ಯೂಟರಿಗೆ ಕಳಿಸಿದರೆ ಏನಾಗುತ್ತದೆ ಗೊತ್ತೇ? ಅಲ್ಲಿ ತೆರೆದುಕೊಳ್ಳುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡಿಗೆ ಬದಲಿಸಿ, ಬದಲಿಸಿದ್ದನ್ನು ಮತ್ತೆ ಸಾಲು ಸಾಲು ಓದಿ, ಪಿಡಿಎಫ್ ಮಾಡಿ ಕಳಿಸಬೇಕು. ಮತ್ತೆ ಓದುವ ಆ ಕೆಲಸವನ್ನು ಯಾವ ಮೆಷೀನೂ ನಮ್ಮ ಕೈಯಿಂದ ಕಿತ್ತುಕೊಂಡಿಲ್ಲ.

ಈಗ ನಿಜವಾದ ಓದಿಗೆ ಬರುತ್ತೇನೆ. ನಮ್ಮ ಕೆಲಸದಲ್ಲಿ ಕಾನೂನು ಓದುವುದು ಎರಡನೆಯದು. ಮೊದಲು ಕಾಗದ ಓದಲು ಕಲಿಯಬೇಕು.

ಪಹಣಿ ಹಿಡಿದಾಗ ಎಲ್ಲರ ಕಣ್ಣೂ ಒಂಬತ್ತನೆಯ ಕಾಲಂಗೆ ಹೋಗುತ್ತದೆ, ಯಾರ ಹೆಸರಿದೆ ಅಂತ. ಸರಿ. ಆದರೆ ಆ ಹೆಸರು ಅಲ್ಲಿಗೆ ಹೇಗೆ ಬಂತು ಅನ್ನುವುದು ಹತ್ತನೆಯ ಕಾಲಂನಲ್ಲಿ. ಅಲ್ಲಿರುವ ಎಂ.ಆರ್. ನಂಬರು, ಅಂದರೆ ಖಾತೆ ಬದಲಾವಣೆ ಪುಸ್ತಕದ ನಂಬರು, ಹಿಡಿದು ಹಿಂದಕ್ಕೆ ಹೋದರೆ ಕ್ರಯವೋ, ವಿಭಾಗವೋ, ತೀರಿಕೊಂಡವರಿಂದ ವಾರಸುದಾರರಿಗೆ ಬಂದ ಪೌತಿಯೋ ಗೊತ್ತಾಗುತ್ತದೆ. ಹನ್ನೊಂದರಲ್ಲಿ ಸಾಲ, ಇತರ ಹಕ್ಕು. ಹನ್ನೆರಡರಲ್ಲಿ ಸಾಗುವಳಿ ಯಾರದು, ಬೆಳೆ ಏನು. ಇನ್ನು ಮೂರನೆಯ ಕಾಲಂನ ಖರಾಬು: 'ಎ' ಅಂದರೆ ಉಳುಮೆಗೆ ಬಾರದ ಜಾಗ, 'ಬಿ' ಅಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ಬಿ ಖರಾಬಿಗೆ ಬೇಲಿ ಹಾಕಿ "ನಮ್ಮಜ್ಜನ ಕಾಲದಿಂದ ನಮ್ಮದೇ" ಅಂತ ಬರುವವರು ವಾರಕ್ಕೊಬ್ಬರು ಸಿಗುತ್ತಾರೆ.

ಹಳೆಯ ಪತ್ರಗಳು ಇನ್ನೊಂದು ಲೋಕ. ಭೂಮಿ ತಂತ್ರಾಂಶ ಬರುವ ತನಕ ಪಹಣಿಯೆಲ್ಲ ಕೈಬರಹ. ಶಾನುಭೋಗರ ಕಾಲದ ಕಾಗದ ಓದಲು ನನಗೆ ಎರಡು ವರ್ಷ ಹಿಡಿಯಿತು. ಮಜಕೂರು, ಸದರಿ, ಜಮೀನಿನ ನಾಲ್ಕು ದಿಕ್ಕಿನ ಗಡಿ ಹೇಳುವ ಚಕ್ಕುಬಂದಿ. ಮತ್ತೆ ಬಿನ್, ಕೋಂ. ರಾಮಪ್ಪ ಬಿನ್ ತಿಮ್ಮಪ್ಪ ಅಂದರೆ ತಿಮ್ಮಪ್ಪನ ಮಗ. ಗೌರಮ್ಮ ಕೋಂ ತಿಮ್ಮಪ್ಪ ಅಂದರೆ ತಿಮ್ಮಪ್ಪನ ಹೆಂಡತಿ. ಪ್ರತಿ ಮಾಡುವಾಗ ಕೋಂ ಹೋಗಿ ಬಿನ್ ಬಿದ್ದರೆ ಹೆಂಡತಿ ಮಗಳಾಗುತ್ತಾಳೆ, ಪಾಲಿನ ದಾವೆಯಲ್ಲಿ ವಂಶವೃಕ್ಷವೇ ಅಡಿಮೇಲು. ಚಕ್ಕುಬಂದಿಯಲ್ಲಿ "ಪೂರ್ವಕ್ಕೆ ದೊಡ್ಡ ಹಲಸಿನ ಮರ" ಅಂತ ಬರೆದಿರುತ್ತಾರೆ. ಮರ ಹೋಗಿ ನಲವತ್ತು ವರ್ಷ ಆಗಿರುತ್ತದೆ. ಆದರೂ ಅದನ್ನು ಹಾಗೆಯೇ ಇಳಿಸಿಕೊಳ್ಳಬೇಕು, ನೀವು ಜಾಣತನ ಮಾಡಿ "ಈಗಿನ ರಸ್ತೆ" ಅಂತ ತಿದ್ದಬಾರದು. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದಿದ್ದಾಗ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ಹಿಡಿಯುತ್ತದೆ.

ಅಳತೆಯ ಜಗಳ ಈ ತಾಲ್ಲೂಕಿಗೆ ಹೊಸದಲ್ಲ. ಇಲ್ಲೇ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಸತ್ಯಾಗ್ರಹ ನಡೆದದ್ದು ನಿಮಗೆ ಗೊತ್ತು. ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಅನ್ನುವ ತಕರಾರೂ ಅದರ ಬೇರಿನಲ್ಲಿತ್ತು. ಆಮೇಲೆ 1974ರ ಮಾರ್ಚ್ 1ರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು, ಗೇಣಿದಾರರು ತಾವು ಉಳುವ ಜಮೀನಿನ ಹಕ್ಕು ಕೇಳಿ ನಮೂನೆ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಆ ನಮೂನೆ 7ರ ನಕಲು ಹುಡುಕಿಕೊಂಡು ಮೊಮ್ಮಕ್ಕಳು ಇವತ್ತಿಗೂ ಬರುತ್ತಾರೆ. ಅಜ್ಜ ಹೆಬ್ಬೆಟ್ಟು ಒತ್ತಿದ ಆ ಕಾಗದವನ್ನು ಯಾರೋ ಒಬ್ಬರು ತುಂಬಿಕೊಟ್ಟಿದ್ದಾರಲ್ಲ, ಅವರಿಗೆ ಯಾವ ಡಿಪ್ಲೊಮಾ ಇತ್ತು? ಸರ್ವೆ ನಂಬರು ತಪ್ಪಿಲ್ಲದೆ ಬರೆದವರ ಕಡೆಯವರು ಇವತ್ತು ತೋಟದಲ್ಲಿದ್ದಾರೆ, ತಪ್ಪು ಬರೆದವರ ಕಡೆಯವರು ನಮ್ಮ ಕಚೇರಿಯ ಬೆಂಚಿನ ಮೇಲೆ.

ಕಾಗದ ಆಯಿತು, ಇನ್ನು ತಾರೀಖು. ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು.

ಸೇರಿದ ಎರಡನೆಯ ವರ್ಷ. ನಮ್ಮ ಕಕ್ಷಿದಾರರ ವಿರುದ್ಧ ತೀರ್ಪಾಗಿತ್ತು, ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬೇಕು, 30 ದಿನ ಅವಧಿ. ತೀರ್ಪಿನ ದೃಢೀಕೃತ ನಕಲಿಗೆ ಬೇಗನೇ ಅರ್ಜಿ ಹಾಕಿದೆ. ನಕಲು ಪಡೆಯಲು ಹಿಡಿದ ದಿನಗಳನ್ನು ಅವಧಿಯಿಂದ ಕಳೆಯಬಹುದು ಅನ್ನುವುದು ಗೊತ್ತಿತ್ತು. ಅರ್ಧ ಗೊತ್ತಿತ್ತು ಅನ್ನಿ. ಅದು ಪುನರ್ವಸು ಮಳೆ, ನಾನು ಹೊಸನಗರದ ಕಡೆ ನಮ್ಮೂರಿಗೆ ಹೋಗಿದ್ದೆ, ದಾರಿಗೆ ಮರ ಬಿದ್ದು ಬಸ್ಸು ನಿಂತು ವಾರದ ಮೇಲಾಯಿತು. ಬಂದ ಮೇಲೆ ನಕಲು ಶಾಖೆಗೆ ಹೋಗಿ ಪ್ರತಿ ತಗೊಂಡೆ, ಆರಾಮವಾಗಿ ಡೈರಿಯಲ್ಲಿ ಕೊನೆಯ ದಿನ ಬರೆದಿಟ್ಟೆ.

ಮೇಲ್ಮನವಿ ಸಿದ್ಧವಾದ ದಿನ ನಮ್ಮ ಸೀನಿಯರ್ ನಕಲಿನ ಕೊನೆಯ ಹಾಳೆ ಮಗುಚಿದರು. ಹಿಂದೆ ಮೊಹರು ಇರುತ್ತದೆ: ಅರ್ಜಿ ಕೊಟ್ಟ ದಿನ, ಪ್ರತಿ ಸಿದ್ಧವಾದ ದಿನ, ಪ್ರತಿ ಕೊಟ್ಟ ದಿನ. "ಇದರಲ್ಲಿ ಯಾವ ದಿನದ ತನಕ ಎಣಿಸಿದ್ದೀಯಮ್ಮ?" ಅಂದರು. ನಾನು ಮೂರನೆಯದನ್ನು ತೋರಿಸಿದೆ. ಅವರ ಬೆರಳು ಎರಡನೆಯದರ ಮೇಲಿತ್ತು. ಪ್ರತಿ ಸಿದ್ಧವಾಗಿ ಕೂತ ಮೇಲೆ ನಾವು ತರಲು ಹೋಗದ ದಿನಗಳು ನಮ್ಮ ಲೆಕ್ಕಕ್ಕೇ ಸೇರುತ್ತವೆ. ಆರು ದಿನ ತಡ.

ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅವಧಿ ಕಾಯಿದೆ 5ನೆಯ ಕಲಮಿನ ಕೆಳಗೆ ವಿಳಂಬ ಮನ್ನಾ ಅರ್ಜಿ, ಅದಕ್ಕೆ ಪ್ರಮಾಣಪತ್ರ, ಎರಡನ್ನೂ ನನ್ನಿಂದಲೇ ಟೈಪ್ ಮಾಡಿಸಿದರು. ಮಳೆ, ಬಸ್ಸು, ಬಿದ್ದ ಮರ ಎಲ್ಲ ಅದರಲ್ಲಿ ಬಂತು. ಖರ್ಚು ಕಟ್ಟಿಸಿಕೊಂಡು ಕೋರ್ಟು ಮನ್ನಾ ಮಾಡಿತು. ಆ ಖರ್ಚನ್ನು ಕಕ್ಷಿದಾರರಿಂದ ಕೇಳಲಿಲ್ಲ, ಕಚೇರಿಯೇ ಕೊಟ್ಟಿತು. ಅವತ್ತಿನಿಂದ ಯಾವ ನಕಲು ಕೈಗೆ ಬಂದರೂ ನಾನು ಮೊದಲು ನೋಡುವುದು ಅದರ ಬೆನ್ನನ್ನು. ಇಲ್ಲಿ ಕೆಲಸಕ್ಕೆ ಸೇರುವ ಹುಡುಗರಿಗೂ ಮೊದಲ ದಿನ ಅದನ್ನೇ ತೋರಿಸುತ್ತೇನೆ.

ಡೈರಿ ಅಂದೆನಲ್ಲ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇದೆ, 16 ಅಂಕಿ-ಅಕ್ಷರದ ಸಿಎನ್‌ಆರ್ ನಂಬರು ಹಾಕಿದರೆ ಮುಂದಿನ ತಾರೀಖು ಬರುತ್ತದೆ. ಚೆನ್ನಾಗಿದೆ, ನಾನೂ ಬಳಸುತ್ತೇನೆ. ಆದರೆ ಅದು ತಾರೀಖು ಹೇಳುತ್ತದೆ, ಆ ತಾರೀಖಿಗೆ ನೀವೇನು ಮಾಡಿರಬೇಕು ಅನ್ನುವುದನ್ನು ಹೇಳುವುದಿಲ್ಲ. ಸಮನ್ಸ್ ಮುಟ್ಟಿದ ಮೇಲೆ ಪ್ರತಿವಾದಿ ಲಿಖಿತ ಹೇಳಿಕೆ ಕೊಡಲು 30 ದಿನ, ಕೋರ್ಟು ಒಪ್ಪಿದರೆ 90ರ ತನಕ. ಕಕ್ಷಿದಾರ ಬಂದು ಕೂತ ತಕ್ಷಣ "ಅಮೀನ ಯಾವತ್ತು ಬಂದಿದ್ದ?" ಅಂತ ಕೇಳಿ ಬರೆದುಕೊಳ್ಳಬೇಕು. "ಹೋದ ವಾರ ಇರಬೇಕು" ಅಂತಾರೆ. ಇರಬೇಕು ಸಾಲದು. ಸಂತೆಯ ದಿನವೋ, ಹಬ್ಬದ ಮುಂಚೆಯೋ, ಡೇರಿಗೆ ಹಾಲು ಹಾಕಲು ಹೋದಾಗಲೋ, ಏನಾದರೂ ಹಿಡಿದು ತಾರೀಖಿಗೆ ಬರಬೇಕು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ನಮ್ಮಲ್ಲಿ ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯ ಕಕ್ಷಿದಾರರಿಗೆ ಬೇರೆಯೇ ಒಂದು ಗಡಿಯಾರ ಇತ್ತು, ಲಾಂಚು. ಮಧ್ಯಾಹ್ನ ದಾಟಿದರೆ "ಅಮ್ಮಾ, ಲಾಂಚ್ ತಪ್ಪಿದರೆ ರಾತ್ರಿ ಇಲ್ಲೇ" ಅಂತ ಶುರು. ಬೆಳಿಗ್ಗೆಯೇ ಅವರನ್ನು ಕೋರ್ಟ್ ಹಾಲಿನ ಬಾಗಿಲಲ್ಲಿ ನಿಲ್ಲಿಸಿ, ಅವರ ಸಾಕ್ಷಿ ಬೇಗ ಆಗುವಂತೆ ವಕೀಲರ ಕಿವಿಗೆ ಹಾಕುವುದೂ ನನ್ನ ಕೆಲಸವಾಗಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು, ಆ ತಾಪತ್ರಯ ಮುಗಿಯಿತು. ಯಾವ ಸಿಲಬಸ್ಸಿನಲ್ಲೂ ಲಾಂಚಿನ ವೇಳಾಪಟ್ಟಿ ಇರಲಿಲ್ಲ.

ಈಗ ಸ್ವಯಂಸೇವಕರ ವಿಷಯ. ನಿಮ್ಮಲ್ಲಿ ಕೆಲವರು ಅದಕ್ಕಾಗಿಯೇ ಬಂದಿದ್ದೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ 1995ರ ನವೆಂಬರ್ 9ಕ್ಕೆ ಜಾರಿಗೆ ಬಂತು. ಅದರ ಕೆಳಗೆ ಜಿಲ್ಲೆಗೊಂದು ಪ್ರಾಧಿಕಾರ, ತಾಲ್ಲೂಕಿಗೊಂದು ಸಮಿತಿ. 2009ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಪ್ಯಾರಾಲೀಗಲ್ ಸ್ವಯಂಸೇವಕರ ಯೋಜನೆ ತಂದಿತು. ಅಂಗನವಾಡಿ ಕಾರ್ಯಕರ್ತೆಯರು, ನಿವೃತ್ತ ಮೇಷ್ಟ್ರು, ಸ್ವಸಹಾಯ ಸಂಘದವರು, ವಿದ್ಯಾರ್ಥಿಗಳು ಯಾರು ಬೇಕಾದರೂ ಅರ್ಜಿ ಹಾಕಬಹುದು. ದೀರ್ಘ ಶಿಕ್ಷೆಯಲ್ಲಿರುವ ಓದು ಬಲ್ಲ ಕೈದಿಗಳನ್ನೂ ಜೈಲಿನೊಳಗೆ ಇದಕ್ಕೆ ತಯಾರು ಮಾಡುತ್ತಾರೆ. ಆಯ್ಕೆಯಾದರೆ ತರಬೇತಿ, ಗುರುತಿನ ಚೀಟಿ, ಕೆಲಸ ಮಾಡಿದ ದಿನಕ್ಕೆ ಗೌರವಧನ. ಇದು ಸಂಬಳದ ನೌಕರಿಯಲ್ಲ. ಮನೆಯಲ್ಲಿ ಹಾಗೆ ಹೇಳಿ ಬರಬೇಡಿ.

ಆದರೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ತರಬೇತಿಯಲ್ಲಿ ಬಂಧನ, ಎಫ್‌ಐಆರ್, ಕೌಟುಂಬಿಕ ಹಿಂಸೆ, ಮಕ್ಕಳ ಕಾನೂನು ಎಲ್ಲ ಹೇಳಿಕೊಡುತ್ತಾರೆ. ಒಂದಂತೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಉಚಿತ ಕಾನೂನು ನೆರವಿಗೆ ಹೆಂಗಸರಿಗೆ ಆದಾಯದ ಮಿತಿ ಇಲ್ಲ. "ನಮ್ಮ ಮನೆಗೆ ಬಿಪಿಎಲ್ ಕಾರ್ಡ್ ಇಲ್ಲ, ನಮಗೆಲ್ಲಿ ಕೊಡ್ತಾರೆ" ಅಂತ ಎಷ್ಟೋ ಜನ ಬಾಗಿಲಿಗೇ ಬರುವುದಿಲ್ಲ. ಅವರಿಗೆ ಕಾನೂನು ನೆರವಿನ ಸಹಾಯವಾಣಿ 15100 ನಂಬರು ಕೊಟ್ಟರೂ ಅರ್ಧ ಕೆಲಸ ಆಯಿತು.

ತರಬೇತಿಗೆ ಬಂದವರಿಗೆ ನಾನು ಕೊಡುವ ಪಾಠ ಹೇಳಿಕೆ ಬರೆದುಕೊಳ್ಳುವುದು. ಕಾಡಿನ ಜಾಗದಲ್ಲಿ ಇರುವವರು ಹಾಕುವ ಅರಣ್ಯ ಹಕ್ಕು ಅರ್ಜಿಯದೇ ಉದಾಹರಣೆ ತಗೊಳ್ಳಿ. ಪರಿಶಿಷ್ಟ ಪಂಗಡದವರಾದರೆ, ನಮ್ಮ ಕಡೆ ಹಸಲರು ಇದ್ದಾರಲ್ಲ, 2005ರ ಡಿಸೆಂಬರ್ 13ಕ್ಕೆ ಮುಂಚೆ ಆ ಜಾಗದಲ್ಲಿದ್ದದ್ದು ತೋರಿಸಬೇಕು. ಬೇರೆಯವರಾದರೆ ಆ ದಿನಕ್ಕೆ ಹಿಂದೆ ಮೂರು ತಲೆಮಾರು, 75 ವರ್ಷ. ಅಂದರೆ 1930ಕ್ಕೆ ಹೋಗಬೇಕು. ಯಾರ ಹತ್ತಿರ ಇದೆ ಅಷ್ಟು ಹಳೆಯ ಕಾಗದ? ಅದಕ್ಕೇ ನಿಯಮದಲ್ಲಿ ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯ ಅಂತ ಒಪ್ಪಿದ್ದಾರೆ, ಅರ್ಜಿದಾರರಲ್ಲದ ಹಿರಿಯರು, ಬರಹದಲ್ಲಿ.

ಒಬ್ಬ ಅಜ್ಜ ಹೇಳಿದರು: "ನೀರು ಬಂದ ವರ್ಷ ನಾವು ಇಲ್ಲಿಗೆ ಎದ್ದು ಬಂದ್ವಿ." ಹೇಳಿಕೆ ಬರೆಯುತ್ತಿದ್ದ ಹುಡುಗ ಚುರುಕಿನವನು. "ಸುಮಾರು 1960" ಅಂತ ಬರೆದು ಮುಗಿಸಿದ. ನಾನು ತಡೆದು ಅಜ್ಜನನ್ನೇ ಕೇಳಿದೆ, "ಯಾವ ನೀರು ಅಜ್ಜ?" ಶರಾವತಿ ಕಣಿವೆಗೆ ನೀರು ಎರಡು ಸಲ ಬಂದಿದೆ. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟಿನದು, ಆಮೇಲೆ 1964ರಲ್ಲಿ ಲಿಂಗನಮಕ್ಕಿಯದು. ಅಜ್ಜ ನನ್ನ ಮುಖ ನೋಡಿ, "ಮೊದಲನೇ ನೀರು ತಾಯಿ. ಎರಡನೇ ನೀರಿಗೆ ನನ್ನ ಮದುವೆ ಆಗಿತ್ತು" ಅಂದರು. ಸುಮಾರು ಇಪ್ಪತ್ತು ವರ್ಷದ ವ್ಯತ್ಯಾಸ, ಒಂದು ಪ್ರಶ್ನೆಗೆ. ಆಮೇಲೆ ಆ ಹುಡುಗನಿಗೆ ಹೇಳಿದೆ: ಅವರ ಮಾತು ಅವರ ಬಾಯಲ್ಲಿ ಬಂದ ಹಾಗೇ ಬರಿ, "ಮೊದಲನೇ ನೀರು ಬಂದ ವರ್ಷ" ಅಂತ. ಇಸವಿಯನ್ನು ಅದರ ಪಕ್ಕದಲ್ಲಿ ಬೇರೆಯಾಗಿ ಬರಿ. ಮೊದಲೇ ಇಸವಿ ಬರೆದರೆ ಮಾತು ನಿನ್ನದಾಗುತ್ತದೆ, ಅಜ್ಜನದಲ್ಲ. ಬರೆದ ಮೇಲೆ ಓದಿ ಹೇಳು, ಆಮೇಲೆ ಹೆಬ್ಬೆಟ್ಟು. ಅರ್ಜಿ ತಿರಸ್ಕಾರವಾದರೆ ಮೇಲಿನ ಸಮಿತಿಗೆ ಹೋಗಲು 60 ದಿನ ಇದೆ ಅಂತಲೂ ಅವತ್ತೇ ಆ ಮನೆಯ ಓದಿದ ಹುಡುಗಿಯ ಕೈಲಿ ಬರೆಸಿಟ್ಟು ಬಾ.

ಇನ್ನು ನಮ್ಮ ಬೇಲಿ. ಎಷ್ಟೇ ಗೊತ್ತಿರಲಿ, ನಾವು ವಕೀಲರಲ್ಲ. ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಕಕ್ಷಿದಾರ ಕೇಳುತ್ತಾನೆ, "ಅಮ್ಮಾ, ನಮ್ಮ ಕೇಸು ಗೆಲ್ತದಾ?" ಮೂವತ್ತು ವರ್ಷ ಫೈಲು ನೋಡಿದವಳಿಗೆ ಒಂದು ಅಂದಾಜು ಇದ್ದೇ ಇರುತ್ತದೆ, ನಾಲಿಗೆಯ ತುದಿಗೂ ಬರುತ್ತದೆ. ಹೇಳಬಾರದು. ನಾನು ಹೇಳುವುದು: "ಅದು ಸಾಹೇಬರ ಹತ್ತಿರ ಕೇಳಿ. ನಿಮ್ಮ ತಾರೀಖು ಮುಂದಿನ ಮಂಗಳವಾರ, ಮೂಲ ಕ್ರಯಪತ್ರ ತನ್ನಿ." ಸನ್ನದಿಲ್ಲದೆ ವಕಾಲತ್ತು ಮಾಡಿದರೆ 1961ರ ವಕೀಲರ ಕಾಯಿದೆ 45ನೆಯ ಕಲಮಿನಲ್ಲಿ ಆರು ತಿಂಗಳ ತನಕ ಜೈಲಿದೆ. ಕೇಸು ಹಿಡಿದುಕೊಟ್ಟು ಕಮಿಷನ್ ಹೊಡೆಯುವ ದಲ್ಲಾಳಿಗಳ ಪಟ್ಟಿ ಮಾಡುವ ಅಧಿಕಾರವನ್ನು 2023ರ ತಿದ್ದುಪಡಿ ಕೋರ್ಟಿಗೆ ಕೊಟ್ಟಿದೆ. ಈ ಗುಮಾಸ್ತಿಕೆಯಿಂದ ದಲ್ಲಾಳಿತನಕ್ಕೆ ದಾರಿ ಬಹಳ ಸಲೀಸು, ಕಣ್ಣಾರೆ ಕಂಡಿದ್ದೇನೆ. ಮೊದಲು "ಝೆರಾಕ್ಸಿಗೆ ನೂರು ಕೊಡಿ" ಅಂತ ಶುರುವಾಗುತ್ತದೆ. ಸ್ವಯಂಸೇವಕರಂತೂ ಜನರಿಂದ ಒಂದು ರೂಪಾಯಿ ಮುಟ್ಟುವಂತಿಲ್ಲ.

ದುಡ್ಡಿನ ಮಾತು ಬಂತು, ಚೀಟಿಯಲ್ಲೂ ಯಾರೋ ಬರೆದು ಕಳಿಸಿದ್ದೀರಿ, ಸಂಬಳ ಎಷ್ಟು ಅಂತ. ತಾಲ್ಲೂಕಿನಲ್ಲಿ ಮೊದಲ ವರ್ಷದ ಸಂಬಳಕ್ಕಿಂತ ಅಡಿಕೆ ಕೊನೆಕೊಯ್ಲಿನಲ್ಲಿ ಮರ ಹತ್ತುವ ಕೊನೆಗಾರನ ಗಳಿಕೆ ಹೆಚ್ಚು. ಕೆಲಸ ಪಳಗಿದ ಮೇಲೆ ದಾರಿಗಳು ಒಡೆಯುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಪರವಾನಗಿ ಪಡೆದ ಪತ್ರ ಬರಹಗಾರರಾಗಬಹುದು. ಆದರೆ 2023ರಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಅಲ್ಲಿ ಕಂಪ್ಯೂಟರ್ ಬಾರದವರಿಗೆ ಕೂರಲು ಜಾಗವಿಲ್ಲ. ಬ್ಯಾಂಕಿನ ಸಾಲಕ್ಕೆ ಹಕ್ಕು ಪರಿಶೀಲನೆ ಮಾಡುವ ವಕೀಲರಿಗೆ ಇಸಿ ಅನ್ನುವ ಋಣಭಾರ ಪತ್ರ, ಎಂ.ಆರ್., ಹಿಂದಿನ ಪತ್ರಗಳನ್ನು ಜೋಡಿಸಿಕೊಡುವವರು ಬೇಕು. ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಕರಾರುಪತ್ರ ಓದಿ ಗುರುತು ಹಾಕುವ ಕೆಲಸವಿದೆ, ಅಲ್ಲಿ ಇಂಗ್ಲಿಷು ಮತ್ತು ಎಕ್ಸೆಲ್ ಕೇಳುತ್ತಾರೆ, ಸಂಬಳವೂ ಬೇರೆ. ಜಮೀನಿನ ಕಾಗದ ಓದಲು ಬರುವ ಮಲೆನಾಡಿನ ಹುಡುಗಿಯೊಬ್ಬಳು ನಮ್ಮ ಕಚೇರಿಯಿಂದಲೇ ಹೋಗಿ ಅಲ್ಲಿ ಸೇರಿದ್ದಾಳೆ. ಫೋನು ಮಾಡಿದಾಗ, "ಇಲ್ಲಿಯವರಿಗೆ ಆಣೆ ಅಂದರೆ ಗೊತ್ತಿಲ್ಲ ಅಕ್ಕ" ಅಂತ ನಗುತ್ತಾಳೆ.

ಪ್ರಾಂಶುಪಾಲರು ಊಟದ ಮೇಲೆ ಇನ್ನೊಂದು ಗಂಟೆ ಕೊಟ್ಟಿದ್ದಾರೆ. ಮನೆಯ ಪಹಣಿ ತನ್ನಿ ಅಂತ ಮೊದಲೇ ಹೇಳಿಕಳಿಸಿದ್ದೆ, ತಂದಿದ್ದೀರಿ ಅಂದುಕೊಳ್ಳುತ್ತೇನೆ. ಮೊದಲು ಮೂರನೆಯ ಕಾಲಂ ನೋಡಿ ಗುಂಟೆಯಲ್ಲಿ ಲೆಕ್ಕ ಹಾಕಿ, ಆಮೇಲೆ ಹನ್ನೊಂದಕ್ಕೆ ಬನ್ನಿ, ಯಾವ ಸಾಲ ತೀರಿದ ಮೇಲೂ ಅಲ್ಲೇ ಕೂತಿದೆ ನೋಡೋಣ. ಒಂಬತ್ತನೆಯ ಕಾಲಂನಲ್ಲಿ ತೀರಿಕೊಂಡ ಅಜ್ಜನ ಹೆಸರೇ ಇನ್ನೂ ಇರುವವರು ಎಷ್ಟು ಜನ? ಕೈ ಎತ್ತಿ. ಅಬ್ಬಾ. ಸರಿ, ನೀವೆಲ್ಲ ಮುಂದಿನ ಬೆಂಚುಗಳಿಗೆ ಬನ್ನಿ, ಪೌತಿ ಖಾತೆ ಅರ್ಜಿಯಿಂದಲೇ ಶುರು ಮಾಡೋಣ.